ಅತ್ತೆ ಹೇಳುತ್ತಿದ್ದ ಕ್ಲೈಮ್ಯಾಕ್ಸ್

ನಮ್ಮ ಅತ್ತೆಯ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಮದುವೆಯಾಗಿ ಮೂಡಲಗಿಯ ಆ ಮನೆಗೆ ಬಂದ ಹೊಸತರಲ್ಲಿ ನಾನು ಅದನ್ನು ಶಾಯಿ ಎಂದುಕೊಂಡಿದ್ದೆ. ಬರೆಯುವ ಅಭ್ಯಾಸವಿರುವ ಅತ್ತೆ ಸಿಕ್ಕರಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ ಕೂಡ. ಆಮೇಲೊಂದು ಬೆಳಗ್ಗೆ ಹಿತ್ತಲ ಕಟ್ಟೆಯ ಮೇಲೆ ಅವರನ್ನು ಕಂಡೆ. ಹುರಿದ ತಂಬಾಕಿನ ಮಿಶ್ರಿಯನ್ನು ಅದೇ ಬೆರಳಿನಿಂದ ಹಲ್ಲಿಗೆ ತಿಕ್ಕುತ್ತ, ಅರೆಗಣ್ಣು ಮುಚ್ಚಿ, ಲೋಕವನ್ನೇ ಮರೆತು ಕುಳಿತಿದ್ದರು. ಉಗುರಿನ ಇನ್‌ಸ್ಪೆಕ್ಷನ್ ಆಗದೆ ಪ್ರೇಯರ್‌ಗೆ ಬಿಡದ ಸಿಸ್ಟರುಗಳ ಕೈಕೆಳಗೆ, ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಬೆಳೆದವಳು ನಾನು. ಕೈಯಲ್ಲಿದ್ದ ತಂಬಿಗೆ ಲಿಟರಲಿ ಕೆಳಗೆ ಬಿತ್ತು.

“ಯಾಕ್ರಿ ಮೇಡಂ, ಹಾವ ಕಂಡ್ರೇನು?” ಎಂದರು ಅತ್ತೆ, ಕಣ್ಣು ಪೂರ್ತಿ ತೆರೆಯದೆಯೇ.

ಅಂದಿನಿಂದ ನಾನು ಅವರ ಪಾಲಿಗೆ ಮೇಡಂ. ಸಿಟ್ಟು ಬಂದಾಗ ಮಾತ್ರ ‘ನೀ’. ಹಿಟ್ಟು ಗಂಟಾದರೆ, “ರೊಟ್ಟಿ ಬಡಿಯೂದು ನಿಮ್ಮ ಸಿಸ್ಟರು ಸಿಲೆಬಸ್‌ನಾಗ ಇಟ್ಟಿರಲಿಲ್ಲೇನ್ರಿ ಮೇಡಂ?” ಎನ್ನುವರು. ‘ಸಿಲೆಬಸ್’ ಎಂಬ ಪದವನ್ನು ನನ್ನಿಂದಲೇ ಕಲಿತು ನನಗೇ ತಿರುಗಿಸಿದ್ದರು.

ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಮುಟ್ಟದ, ಗಡ್ಡೆ-ಗೆಣಸನ್ನು ಹೊಸ್ತಿಲೊಳಗೆ ತರಗೊಡದ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಜೈನ ಹೆಂಗಸು ಅವರು. ಮಿಶ್ರಿಯೊಂದೇ ವೀಕ್‌ನೆಸ್. ಅದನ್ನೂ ಬಿಡಿಸಲು ನಾನೊಮ್ಮೆ ನೋಡಿದೆ. “ಅದೊಂದ ಬಿಡಸಬ್ಯಾಡ್ರಿ ಮೇಡಂ,” ಎಂದರು. “ಎಲ್ಲಾ ಬಿಟ್ಟ ಮ್ಯಾಲ ಇಕಿ ಮನಷ್ಯಾಳು ಅಂತ ಗುರ್ತ ಹಿಡಿಯಾಕ ಏನರ ಒಂದ ಇರಬೇಕಲಾ.”

ಆದರೆ ಸುಳ್ಳಿನ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಾದವರನ್ನು ನಾನು ಕಾನ್ವೆಂಟಿನಲ್ಲೂ ಕಂಡಿಲ್ಲ. ಒಂದು ಬೇಸಗೆ ಮಧ್ಯಾಹ್ನ ಅಂಕಲಗಿಯಿಂದ ವ್ಯಾಪಾರಿಯೊಬ್ಬ ಬಂದ. ಮಾತಿಗೆ ಕೂತರೆ ಏಳದ ಆಸಾಮಿ. ನಮ್ಮವರು ಒಳಕೋಣೆಯಲ್ಲಿ ಅಡ್ಡಾಗಿದ್ದರು. ಆಗ ಇನ್ನೂ ಚಿಕ್ಕವಳಾಗಿದ್ದ ಮಗಳಿಗೆ, “ಮನ್ಯಾಗ ಇಲ್ಲ ಅಂತ ಹೇಳಿ ಬಾ” ಎಂದರು. ಮಗು ಬಾಗಿಲು ಮುಟ್ಟುವ ಮೊದಲೇ ಅಡುಗೆಮನೆಯಿಂದ ಅತ್ತೆಯ ದನಿ: “ಅದಾನ್ರಿ, ಅದಾನ! ಒಳಗ ಮಲಗ್ಯಾನ, ಬರ್ರಿ!” ಆ ಮನುಷ್ಯ ಸಂಜೆಯವರೆಗೂ ಕೂತ. ಅವನು ಹೋದ ಮೇಲೆ ಮಗನಿಗೆ ಅಂದರು: “ಸುಳ್ಳ ಹೇಳೂದಿದ್ರ ನೀನ ಹೋಗಿ ಹೇಳು. ಕೂಸಿನ ಬಾಯಿ ಯಾಕ ಹೊಲಸ ಮಾಡ್ತಿ?”

ಅಂಥ ಹೆಂಗಸು ನಮಗೆಲ್ಲ ವರ್ಷ ವರ್ಷ, ನಗುನಗುತ್ತ, ಬಡಿಸುತ್ತ ಬಡಿಸುತ್ತ ಸುಳ್ಳು ಹೇಳುತ್ತಿದ್ದರು ಎಂದು ಗೊತ್ತಾದ ದಿನ ನನಗಾದ ಷಾಕ್ ಇದೆಯಲ್ಲ, ಅದರಿಂದ ನಾನು ಇನ್ನೂ ಪೂರ್ತಿ ಹೊರಗೆ ಬಂದಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗೋಕಾಕದಲ್ಲಿ ಅತ್ತೆಯ ಒಬ್ಬನೇ ತಮ್ಮನ ಮನೆ. ದೀಪಾವಳಿಗೆ ಮುಂಚೆ ಅಲ್ಲಿಗೆ ಹೋಗಿ ಬಂದವರು, “ಒಂದ ಹಿಂದಿ ಪಿಕ್ಚರ್ ನೋಡಿದೆ. ಮನಿಮಂದೆಲ್ಲಾ ಕುಂತ ನೋಡೂವಂಥಾದ್ದು. ಪಾಡ್ಯಾದ ದಿನಾ ತರಸೂಣು” ಎಂದು ಹಟ ಹಿಡಿದರು. ಬೆಲ್ಲದ ಅಡತಿ ಅಂಗಡಿ ಬಿಟ್ಟರೆ ಬೇರೆ ಲೋಕವಿಲ್ಲದ ನಮ್ಮವರು ಗೊಣಗುತ್ತ ಒಪ್ಪಿದರು. ಪಾಡ್ಯದ ಮಧ್ಯಾಹ್ನ ಪೇಟೆಯ ವಿಡಿಯೊ ಅಂಗಡಿಯವನು ವಿಸಿಆರ್, ಕ್ಯಾಸೆಟ್ ಎರಡನ್ನೂ ಬಾಡಿಗೆಗೆ ತಂದು ಜೋಡಿಸಿಕೊಟ್ಟ. ಹಬ್ಬದಲ್ಲಿ ಡಿಮ್ಯಾಂಡ್ ಜಾಸ್ತಿ. ಸಂಜೆಗೆ ಎತ್ತಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದ.

ಕತೆ ಸರಳ. ಶ್ರೀಮಂತರ ಬಂಗಲೆ, ದೀಪಾವಳಿಯ ವಾರ. ಬಂಗಲೆಗೆ ದೀಪದ ಸರ ಕಟ್ಟಲು ಒಬ್ಬ ಲೈಟಿಂಗ್ ಹುಡುಗ ಬರುತ್ತಾನೆ. ಮನೆಯ ಮಗಳಿಗೆ ಅಪ್ಪ ಆಗಲೇ ಫಾರಿನ್ನಿನಿಂದ ಬರುವ ಗೆಳೆಯನ ಮಗನನ್ನು ಗೊತ್ತು ಮಾಡಿದ್ದಾನೆ, ಅವನ ಮುಖ ಮನೆಯಲ್ಲಿ ಯಾರೂ ಇನ್ನೂ ನೋಡಿಲ್ಲ. ಹುಡುಗ ಏಣಿಯಿಂದ ಜಾಮೂನಿನ ಕೊಪ್ಪರಿಗೆಗೆ ಬೀಳುತ್ತಾನೆ, ಅವಳು ನಗುತ್ತಾಳೆ, ಅಲ್ಲಿಂದ ಶುರು. ಜಾಮೂನಿನ ಸೀನ್‌ಗೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇಡೀ ಮೈ ಕುಲುಕಿಸಿ ನಗುತ್ತಿದ್ದರು. ಕೊನೆಗೆ ವಿಷಯ ತಿಳಿದು ಅಪ್ಪ ಹುಡುಗನನ್ನು ಗೇಟಿನಾಚೆ ತಳ್ಳಿಸುತ್ತಾನೆ. ಸರಿಯಾಗಿ ಅಲ್ಲಿಗೆ ಬರುವಾಗ ನಮ್ಮ ಪಡಸಾಲೆಯ ಬಿಸಿಲು ಗೋಡೆ ಹತ್ತಿರುತ್ತಿತ್ತು.

“ಬಂದ ಮಾಡ್ರಿ, ಹೊತ್ತ ಮುಳಗತೈತಿ, ಏಳ್ರಿ ಊಟಕ್ಕ!” ಎನ್ನುವರು ಅತ್ತೆ.

“ಆಯಿ, ಇನ್ನ ಸ್ವಲ್ಪ ಐತಿ!” ಎಂದು ಮಗಳು ಕಾಲು ಬಡಿದರೆ, “ಕಡೀದ ನಾ ನೋಡೇನಿ. ಉಣ್ಣಾಕ ಕುಂಡ್ರ, ಹೇಳ್ತೀನಿ” ಎಂಬ ಉತ್ತರ.

ನಾವು ಉಣ್ಣುವ ಹೊತ್ತಿಗೆ ಅಂಗಡಿಯವನು ಬಂದು ಎಲ್ಲ ಎತ್ತಿಕೊಂಡು ಹೋಗಿರುತ್ತಿದ್ದ. ಶೇಂಗಾ ಹೋಳಿಗೆಗೆ ತುಪ್ಪ ಹಾಕುತ್ತ ಅತ್ತೆ ಕ್ಲೈಮ್ಯಾಕ್ಸ್ ಹೇಳುವರು. ಹುಡುಗ ಸಾಮಾನು ಒಯ್ಯಲು ತಿರುಗಿ ಬರುತ್ತಾನೆ. ಏಣಿ ಹತ್ತಿ ತನ್ನ ದೀಪದ ಸರಗಳನ್ನು ಬಿಚ್ಚತೊಡಗುತ್ತಾನೆ. ಬಂಗಲೆ ಒಂದೊಂದೇ ಕಡೆ ಕತ್ತಲಾಗುತ್ತ ಬರುತ್ತದೆ. ಆಗ ಅಪ್ಪ ಬರಿಗಾಲಲ್ಲಿ ಅಂಗಳಕ್ಕಿಳಿದು, ಏಣಿಯ ಬುಡವನ್ನು ಎರಡೂ ಕೈಯಿಂದ ಹಿಡಿಯುತ್ತಾನೆ. “‘ಇರ್ಲಿ ಬಿಡಪಾ, ಬಿಚ್ಚಬ್ಯಾಡ. ಇಳದ ಬಾ, ಊಟ ಆರತೈತಿ’ ಅಂತಾನ ನೋಡ್ರಿ. ಅಂಥಾ ದೊಡ್ಡ ಮನಷ್ಯಾ, ಏಣಿ ಹಿಡದ!”

ನಮ್ಮವರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಪೇಟೆಯಲ್ಲಿ ಅವರಿಗೆ ಕಲ್ಲುಬೆಲ್ಲ ಎಂದು ಅಡ್ಡಹೆಸರು; ಅಂಥವರು! ಆ ಏಣಿಯ ಸೀನ್ ನಮಗೆಲ್ಲ ಎಷ್ಟು ಸ್ಪಷ್ಟವಾಗಿತ್ತೆಂದರೆ, ಅಪ್ಪನ ಶೇರವಾನಿಯ ಬಣ್ಣ ಕೇಳಿದ್ದರೆ ನಾನು ಆಣೆ ಇಟ್ಟು ಹೇಳುತ್ತಿದ್ದೆ.

ಪ್ರತಿ ಪಾಡ್ಯಕ್ಕೂ ಇದೇ ರೂಢಿಯಾಯಿತು. ಬೇರೆ ಸಿನಿಮಾ ಎಂದರೆ ಯಾರೂ ಒಪ್ಪುತ್ತಿರಲಿಲ್ಲ. ಅತ್ತೆ ಮಲಗೆದ್ದು, ಮುಖ ತೊಳೆದು, ಮಿಶ್ರಿ ತಿಕ್ಕಿ ಬಂದು ಕೂರುವ ತನಕ ಶುರು ಮಾಡುವಂತಿಲ್ಲ. ಮಾರನೆಯ ದಿನ ಅವರು ಉಪವಾಸ ಇರುತ್ತಿದ್ದರು. ಹೋಳಿಗೆ ಹೆಚ್ಚಾಯಿತೇನೋ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು.

ವರ್ಷಗಳು ಹೋದವು. ಕಾಲು ಬಡಿಯುತ್ತಿದ್ದ ಮಗಳು ಎಂ.ಎ. ಮುಗಿಸಿ ಗೋಕಾಕದ ಕಾಲೇಜಿಗೆ ಪಾಠ ಹೇಳಲು ಹೋಗತೊಡಗಿದಳು. ಅದೇ ಸುಮಾರಿಗೆ ನಮ್ಮ ಎಮ್ಮೆ ಈಯಲಾರದೆ ಒದ್ದಾಡಿದಾಗ, ಹೊಸದಾಗಿ ಬಂದಿದ್ದ ದನದ ಡಾಕ್ಟರನ್ನು ಕರೆಸಿದೆವು. ಕುಲಗೋಡದ ಹುಡುಗ, ದಲಿತ ಓಣಿಯ ಬೌದ್ಧರ ಮನೆತನ. ಅವನ ತಂದೆ ನಮ್ಮದೇ ಕಬ್ಬಿನಲ್ಲಿ ಕಳೆ ತೆಗೆದವರು. ಹುಡುಗ ತೋಳೇರಿಸಿ ಕರು ಹೊರತೆಗೆದ, ಎಮ್ಮೆ ಉಳಿಯಿತು. ಅತ್ತೆ ಅವನಿಗೆ ಚಹಾ ಕೊಟ್ಟರು. ಕೊಟ್ಟದ್ದು ಹೊರಗಿನ ಗೂಡಿನಲ್ಲಿ ಆಳುಗಳಿಗೆಂದೇ ಇಟ್ಟಿದ್ದ ಕಪ್‌ಬಶಿಯಲ್ಲಿ. ಅವನು ಕುಡಿದು, ತೊಳೆದು, ತಾನೇ ಗೂಡಿನಲ್ಲಿಟ್ಟು ಹೋದ.

ಮಗಳು ಅದನ್ನು ನೋಡುತ್ತ ನಿಂತಿದ್ದಳು. ಅವನು ಹೋದ ಮೇಲೆ ಅಜ್ಜಿಗೆ ಅಂದಳು: “ಆಯಿ, ನಿನ್ನ ಪಿಕ್ಚರ್‌ನಾಗ ಏಣಿ ಹಿಡಿತಾರ. ನಮ್ಮ ಮನ್ಯಾಗ ಕಪ್‌ಬಶಿ ಸೈತ ಬ್ಯಾರೆ.”

ಮರುದಿನ ಗೂಡು ಖಾಲಿ ಇತ್ತು.

ಆ ಹುಡುಗನೂ ಮಗಳೂ ಗೋಕಾಕದ ಬಸ್ಸಿನಲ್ಲಿ ಮಾತನಾಡುತ್ತಿದ್ದರು ಎಂಬುದು ಊರಿಗೆಲ್ಲ ಗೊತ್ತಾದ ಮೇಲೆ ನಮಗೆ ಗೊತ್ತಾಯಿತು. ಮಗಳು ಮುಚ್ಚಿಡಲಿಲ್ಲ. ದಸರಾ ಮುಗಿದ ಒಂದು ಸಂಜೆ ಅಪ್ಪನ ಎದುರೇ ನಿಂತಳು. “ತಾತ್ಯಾ, ಮದುವಿ ಆದ್ರ ಅವರನ್ನ. ನೀವು ಒಲ್ಲೆ ಅಂದ್ರ ಓಡಿ ಹೋಗೂದಿಲ್ಲ. ಆದ್ರ ಬ್ಯಾರೆಯವರನ್ನ ಆಗೂದಿಲ್ಲ.”

“ಅವರಪ್ಪ ನಮ್ಮ ಹೊಲದಾಗ ಕಳೆ ತಗದಾನ,” ಎಂದರು ನಮ್ಮವರು.

“ಛಲೋ ತಗದಾರಿಲ್ಲೋ?”

ನಮ್ಮವರು ಎದ್ದು ಹೋದರು. ಅಂದಿನಿಂದ ಅಪ್ಪ-ಮಗಳ ಮಾತು ಬಂದ್. ಅವಳು ಒಣಗುತ್ತ ಬಂದಳು. ನಾನು ಇಬ್ಬರ ನಡುವೆ ತಟ್ಟೆ ಇಡುವುದು, ತಟ್ಟೆ ಎತ್ತುವುದು ಮಾಡುತ್ತಿದ್ದೆ. ನನ್ನ ಕಾನ್ವೆಂಟಿನ ಅಷ್ಟೂ ಇಂಗ್ಲಿಷಿನಲ್ಲಿ ಆ ಮನೆಯಲ್ಲಿ ಆಡಬಹುದಾದ ಒಂದು ಸೆಂಟೆನ್ಸ್ ಇರಲಿಲ್ಲ.

ಆ ವರ್ಷ ಪಾಡ್ಯಕ್ಕೆ ಸಿನಿಮಾ ಬೇಡವೆಂದೇ ನಾನು ಅಂದುಕೊಂಡಿದ್ದೆ. ಅತ್ತೆ ಕೇಳಲಿಲ್ಲ; ತಾವೇ ಹೇಳಿಕಳಿಸಿ ತರಿಸಿದರು. ನಾಲ್ಕೂ ಜನ ಮುಖ ಗಂಟಿಕ್ಕಿಕೊಂಡು ಕಾಮಿಡಿ ನೋಡಿದೆವು. ಜಾಮೂನಿನ ಕೊಪ್ಪರಿಗೆಗೆ ಹುಡುಗ ಬಿದ್ದಾಗ ಅತ್ತೆಯೊಬ್ಬರೇ ನಕ್ಕರು. ಗೇಟಿನ ಸೀನ್ ಬಂತು, ಹೊತ್ತಾಯಿತು, ಎದ್ದೆವು. ಊಟದಲ್ಲಿ ಅತ್ತೆ ಯಾರೂ ಕೇಳದೆಯೇ ಶುರು ಮಾಡಿದರು. ದೀಪ ಒಂದೊಂದೇ ಆರಿತು, ಅಪ್ಪ ಬರಿಗಾಲಲ್ಲಿ ಇಳಿದ, ಏಣಿ ಹಿಡಿದ.

“ಅದ ಸಿನಿಮಾ ಅವ್ವಾ,” ಎಂದರು ನಮ್ಮವರು.

“ವರ್ಷಾ ಇದಕ್ಕ ಅಳ್ತೀಯಲಾ, ಅದೇನ ನಾಟಕೇನು?”

ನಮ್ಮವರು ಹಿಡಿದ ತುತ್ತನ್ನು ತಿರುಗಿ ಎಲೆಗೆ ಹಾಕಿದರು. ಆಮೇಲೆ, “ವಿಚಾರ ಮಾಡ್ತೀನಿ” ಎಂದರು. ಅಷ್ಟೇ. ಆದರೆ ‘ಇಲ್ಲ’ ಅಲ್ಲದ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ಮಗಳು ಎಲೆಯ ಮೇಲೆ ತಲೆ ಬಗ್ಗಿಸಿದಳು, ಎತ್ತಲಿಲ್ಲ.

ಮರುದಿನ ಭಾವುಬೀಜ. ಅಣ್ಣನಿಗೆ ಆರತಿ ಎತ್ತಲು ನಾನು ಹುಕ್ಕೇರಿಯ ತವರಿಗೆ ಹೋಗಬೇಕು. ನಮ್ಮವರೂ ಜೊತೆಗೆ ಬಂದರು. ಅಗ್ಗಕ್ಕೆ ಸಿಕ್ಕಿತೆಂದು ಅಣ್ಣ ಆಗಷ್ಟೇ ಒಂದು ಹಳೆ ವಿಸಿಆರ್ ಕೊಂಡಿದ್ದ. ಆರತಿ ಮುಗಿದದ್ದೇ ಅಣ್ಣನ ಹೆಂಡತಿ, ನಮ್ಮ ವೈನಿ, “ನಿಮ್ಮ ಫೇವರಿಟ್ ಅಲ್ಲೇನ್ರಿ, ಅದಕ್ಕಂತನ ತರಸೇನಿ” ಎಂದು ಅದೇ ಸಿನಿಮಾ ಹಾಕಿದಳು. ಗಂಡಸರು ಕಟ್ಟೆಯ ಮೇಲೆ ಕಬ್ಬಿನ ರೇಟಿನ ಮಾತಿನಲ್ಲಿದ್ದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಗೇಟಿನ ಸೀನ್ ದಾಟಿ ಮುಂದೆ ನೋಡಿದೆ. ಏಣಿಗಾಗಿ ಕಾದೆ.

ಏಣಿ ಬರಲಿಲ್ಲ.

ಬಂದದ್ದು ಒಂದು ಉದ್ದನೆಯ ಕಾರು. ಅದರಿಂದ ಫಾರಿನ್ ಗೆಳೆಯ ಇಳಿದ. ಗೇಟಿನಲ್ಲಿ ನಿಂತಿದ್ದ ಲೈಟಿಂಗ್ ಹುಡುಗನನ್ನು ನೋಡಿ, “ಬೇಟಾ!” ಎಂದ. ಅವನೇ ಇವನ ಮಗ! ಹುಡುಗಿಯನ್ನು ಗುಟ್ಟಾಗಿ ನೋಡಿಹೋಗಲು ವೇಷ ಹಾಕಿದ್ದನಂತೆ. ಅಪ್ಪ ಹಣೆ ಚಚ್ಚಿಕೊಂಡು ನಕ್ಕ, ಅಪ್ಪಿಕೊಂಡ. ಎಲ್ಲರೂ ಕುಣಿದರು. ದಿ ಎಂಡ್.

ಮೊದಲು ಇದು ಬೇರೆ ಸಿನಿಮಾ ಇರಬೇಕು ಎನಿಸಿತು. ಆಮೇಲೆ ಕ್ಯಾಸೆಟ್ ಮಿಕ್ಸ್ ಆಗಿದೆ ಎನಿಸಿತು. ಆಮೇಲೆ, ಬಹಳ ನಿಧಾನವಾಗಿ, ನಮ್ಮ ಅತ್ತೆ ಮಧ್ಯಾಹ್ನ ಅಷ್ಟು ತಡ ಮಾಡಿ ಏಳುತ್ತಿದ್ದದ್ದು ಯಾಕೆ ಎಂದು ಹೊಳೆಯಿತು. ಅವರು ತಡ ಮಾಡುತ್ತಿದ್ದದ್ದೇ ಹೊತ್ತು ಮುಳುಗಲಿ ಎಂದು! ಮನೆಯಲ್ಲಿಲ್ಲ ಎಂಬ ಒಂದು ಚಿಕ್ಕ ಸುಳ್ಳನ್ನು ಸಹಿಸದ ಆ ಹೆಂಗಸು! ಅದಕ್ಕಿಂತ ದೊಡ್ಡ ಹೆದರಿಕೆ ಬೆನ್ನಿಗೇ ಬಂತು: ಇವರಿಗೆ ಗೊತ್ತಾದರೆ ನನ್ನ ಮಗಳ ಗತಿ?

ತಿರುಗಿದೆ. ನಮ್ಮವರು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಪೂರ್ತಿ ನೋಡಿದ್ದರು.

ಹುಕ್ಕೇರಿಯಿಂದ ಗೋಕಾಕ, ಗೋಕಾಕದಿಂದ ಮೂಡಲಗಿ, ಎರಡೂ ಬಸ್ಸಿನಲ್ಲಿ ಅವರು ಟಿಕೀಟನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದರು. ನಾನು ಕಿಟಕಿಯಾಚೆ ನೋಡುತ್ತ, ಯಾವ ಮಾತಿನಿಂದ ಶುರು ಮಾಡಲಿ ಎಂದು ರಿಹರ್ಸಲ್ ಮಾಡಿಕೊಂಡೆ. ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು, ಇನ್ನು ಊಟವಿಲ್ಲ. ತಮ್ಮನಿಗೆ ಆರತಿ ಎತ್ತಿ ಗೋಕಾಕದಿಂದ ನಮಗಿಂತ ಮೊದಲೇ ಬಂದಿದ್ದ ಅತ್ತೆ ಪಡಸಾಲೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಮಗಳು ಕಂಬಕ್ಕೆ ಒರಗಿದ್ದಳು.

“ಅವ್ವಾ, ಆ ಪಿಕ್ಚರ್ ಕಡೀತನಾ ನೋಡಿ ಬಂದ್ವಿ.”

ಅತ್ತೆಯ ಕೈ ನಿಲ್ಲಲಿಲ್ಲ. “ಹೌದಾ?”

“ಅದರಾಗ ಏಣಿ ಇಲ್ಲ.”

“ಇಲ್ಲ.”

“ಆ ಹುಡುಗ ಶ್ರೀಮಂತರ ಮಗಾ.”

“ಹೌದು.”

“ಮತ್ತ ನೀ ಇಷ್ಟ ವರ್ಷ—”

“ಸುಳ್ಳ ಹೇಳಿದೆ,” ಎಂದರು ಅತ್ತೆ, ಹಿಟ್ಟು ತೀರಿದೆ ಎನ್ನುವಷ್ಟು ಸಲೀಸಾಗಿ. “ನಮ್ಮ ತಮ್ಮನ ಮನ್ಯಾಗ ಮೊದಲ ಸಲ ನೋಡಿದಾಗ, ಹುಡುಗ ದೊಡ್ಡವರ ಮಗಾ ಅಂತ ಗೊತ್ತಾದ ಕೂಡ್ಲೆ ಎಲ್ಲಾರೂ ಚಪ್ಪಾಳಿ ಹೊಡದ್ರು. ನನಗ ಸೇರಲಿಲ್ಲ. ಮೂರ ತಾಸ ಅಂವನ ಜೋಡಿ ನಕ್ಕು, ಅತ್ತು, ಕಡೀಕ ಅಂವ ಅಂವನ ಅಲ್ಲ ಅಂದ್ರ? ಸಾರಿಗೆ ಉಪ್ಪ ಕಡಿಮಿ ಬಿದ್ರ ಹಾಕೂದಿಲ್ಲೇನು? ಹಂಗ ಹಾಕಿದೆ.”

“ನೀ ಸುಳ್ಳ ಹೇಳಾಕಿ ಅಲ್ಲವ್ವಾ,” ಎಂದರು ನಮ್ಮವರು. ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು, ಮನೆಯ ಕಂಬವೊಂದು ಸರಿದಾಡಿದ್ದನ್ನು ಕಂಡವರ ಹಾಗೆ.

“ಅದಕ್ಕನ ಇವತ್ತ ಉಪಾಸ.”

ನಮಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಪ್ರತಿ ವರ್ಷ, ಪಾಡ್ಯದ ಮಾರನೆಯ ದಿನ. ನಾವು ಹೋಳಿಗೆಯ ಚೇಷ್ಟೆ ಮಾಡುವಾಗ ಅವರು ತುಟಿ ಬಿಚ್ಚದೆ ಹಸಿದುಕೊಂಡಿರುತ್ತಿದ್ದರು. ಸುಳ್ಳು ಪಾಪವೆಂದು ನೂರಕ್ಕೆ ನೂರು ನಂಬಿ, ಅದಕ್ಕೆ ಪ್ರಾಯಶ್ಚಿತ್ತ ಇಷ್ಟೆಂದು ಮೊದಲೇ ಗೊತ್ತು ಮಾಡಿಕೊಂಡು, ಆಮೇಲೆ ಹೇಳುತ್ತಿದ್ದರು! ಐ ವಾಸ್ ಸ್ಟನ್ಡ್. ಕನ್ಫೆಶನ್ ಎಂಬ ಪದವನ್ನು ಸಿಸ್ಟರುಗಳು ನನಗೆ ಸಾವಿರ ಸಲ ಹೇಳಿಕೊಟ್ಟಿದ್ದರು. ಹೀಗೂ ಒಂದಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ನಮ್ಮವರು ಮೆಟ್ಟಿಲ ಮೇಲೆ ಕುಸಿದು ಕೂತರು. “ಹಂಗಾರ ಪಿಕ್ಚರ್‌ನಾಗ ಸೈತ ಅಪ್ಪ ಒಪ್ಪಲಿಲ್ಲ,” ಎಂದರು, ಯಾರಿಗೋ ಎನ್ನುವಂತೆ.

“ಒಪ್ಪಲಿಲ್ಲ. ನಿನಗ ನೋಡಿ ಮಾಡಾಕ ಯಾರೂ ಇಲ್ಲಪಾ ಈಗ,” ಎಂದರು ಅತ್ತೆ. ಹೊಸೆದ ಬತ್ತಿಗಳನ್ನು ಬಟ್ಟಲಿಗೆ ಹಾಕಿದರು. “ಮಾಡಿದ್ರ ನೀನ ಮೊದಲ ಮಾಡಬೇಕು.”

ಹಸಿದ ಹೊಟ್ಟೆಯಲ್ಲೇ ಮಲಗಿದೆವು.

ಬೆಳಗ್ಗೆ ಮಗಳು ಕಾಲೇಜಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ನಮ್ಮವರು ಅಂಗಡಿಯ ಚಾವಿ ಹುಡುಕುತ್ತಿರುವವರಂತೆ ಅಲ್ಲೇ ಸುಳಿದಾಡಿ, ಗೋಡೆಗೆ ಮುಖ ಮಾಡಿ ಅಂದರು: “ಆ ಡಾಕ್ಟರಗ ರವಿವಾರ ಊಟಕ್ಕ ಬಾ ಅನ್ನು. ಅವರಪ್ಪಗೂ ಕರಕೊಂಡ ಬಾ ಅನ್ನು. ಹೊತ್ತ ಇರತನಾ ಬರ್ರಿ ಅಂತ ಹೇಳು, ಇಲ್ಲಾಂದ್ರ ನಿಮ್ಮಾಯಿ ಉಪಾಸ ಕಳಸ್ತಾಳ.”

ಮಗಳು ಒಂದೇ ಕಾಲಿನ ಚಪ್ಪಲಿಯಲ್ಲಿ ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಗೋಕಾಕದ ಬಸ್ಸು ತಪ್ಪಿತು.

ರವಿವಾರ ಹುಡುಗನ ತಂದೆ ಬಂದವರು ಅಂಗಳದ ಅಂಚಿನಲ್ಲೇ ನಿಂತರು, ಒಳಗೆ ಬರಲೊಲ್ಲರು. ಇಷ್ಟು ವರ್ಷ ಅವರನ್ನು ಹೊಲದಲ್ಲಿ ಏಕವಚನದಲ್ಲಿ ಕೂಗಿದ್ದ ಅತ್ತೆ, “ಅಲ್ಲಿ ಬಿಸಲ ಬಡಿತೈತ್ರಿ, ಒಳಗ ಬರ್ರಿ, ನನ್ನ ಬಾಜೂ ಕುಂಡ್ರ ಬರ್ರಿ” ಎಂದರು. ಆ ದನಿ ಕೇಳಿ ಆ ಹಿರಿಯರೂ ಬೆಚ್ಚಿದರು, ನಾನೂ ಬೆಚ್ಚಿದೆ.

ಗೋಕಾಕದಲ್ಲಿ ರಿಜಿಸ್ಟರ್ ಮದುವೆಯಾಯಿತು. ಅದೇ ಊರಿನಲ್ಲಿದ್ದ ಅತ್ತೆಯ ತಮ್ಮ ಬರಲಿಲ್ಲ. ಆಮೇಲೆ ಅವರ ಮನೆಯಿಂದ ಭಾವುಬೀಜಕ್ಕೆ ಕರೆ ಬರುವುದೂ ನಿಂತಿತು. ಆ ದಿನ ಅತ್ತೆ ಆರತಿ ತಟ್ಟೆ ತೊಳೆದು, ಒರೆಸಿ, ಮತ್ತೆ ಎತ್ತಿಡುವರು.

ಸಿನಿಮಾ ಮಾತ್ರ ಬಿಡಲಿಲ್ಲ. ವಿಸಿಆರ್ ಹೋಗಿ ಸಿಡಿ ಬಂತು, ಯಾರಿಗೂ ತಿರುಗಿ ಕೊಡುವ ಅವಸರವಿಲ್ಲ. ಆದರೂ ಗೇಟಿನ ಸೀನ್‌ಗೆ ಬಂದ್ ಮಾಡಿ ಊಟಕ್ಕೇಳುತ್ತಿದ್ದೆವು. ಅಳಿಯ ತುಪ್ಪ ಹಾಕಿಸಿಕೊಳ್ಳುತ್ತ, “ಮುಂದೇನಾತ್ರಿ ಆಯಿ?” ಎನ್ನುವನು. ಅತ್ತೆ ಏಣಿಯ ಕತೆ ಹೇಳುವರು. ಎಲ್ಲ ಗೊತ್ತಿದ್ದೂ ನಮ್ಮವರು ಕಣ್ಣೊರೆಸಿಕೊಳ್ಳುವರು. ಮರುದಿನ ಅತ್ತೆ ಹೊಟ್ಟೆ ತುಂಬ ಊಟ ಮಾಡುತ್ತಿದ್ದರು. “ಎಲ್ಲಾರಿಗೂ ಗೊತ್ತಾದ ಮ್ಯಾಲ ಅದ ಸುಳ್ಳ ಅಲ್ರಿ ಮೇಡಂ, ಕತಿ. ಕತಿಗೆ ಉಪಾಸ ಇಲ್ಲ.”

ಕಬ್ಬು ಕಡಿಯುವ ಹಂಗಾಮಿನ ಒಂದು ಬೆಳಗ್ಗೆ ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ನಾನು ಚಹಾ ಒಯ್ದಾಗ ಗೋಡೆಗೆ ಒರಗಿದ್ದರು, ಅರೆಗಣ್ಣು ಮುಚ್ಚಿದ್ದರು. ಎಂದಿನಂತೆ ಕೂತಿದ್ದಾರೆಂದೇ ತಿಳಿದು, “ಆರತೈತ್ರಿ ಅತ್ತಿ” ಎಂದು ಇನ್ನೊಮ್ಮೆ ಕೂಗಿದೆ.

ಅಂತ್ಯಸಂಸ್ಕಾರಕ್ಕೆ ಗೋಕಾಕದವರೂ ಬಂದರು. ಅತ್ತೆಯ ತಮ್ಮ ಅಂಗಳದಲ್ಲಿ ನಿಂತು ಮಗುವಿನಂತೆ ಅತ್ತ. ಆದರೆ ಸಿದಿಗೆ ಎತ್ತುವ ಹೊತ್ತಿಗೆ ಗುಸುಗುಸು ಶುರುವಾಯಿತು. ನಮ್ಮ ಅಳಿಯ ಹೆಗಲು ಕೊಡಲು ಮುಂದೆ ಬಂದಿದ್ದ. “ಅಂವ ಹಿಂದ ಬರ್ಲಿ, ಹಿರಿಯರು ಅದೀವಿ” ಎಂದಿತು ಒಂದು ದನಿ. ಅಳಿಯ ಹಿಂದೆ ಸರಿದ. ನಾನು ಬಾಗಿಲಲ್ಲಿ ನಿಂತು ಮಗಳ ಕೈ ಹಿಡಿದುಕೊಂಡೆ. ಮತ್ತೆ ಅದೇ ಗೂಡು, ಅದೇ ಕಪ್‌ಬಶಿ ಎನಿಸಿತು.

ನಮ್ಮವರು ಬದುಕಿಡೀ ಮಂದಿ ಏನಂದಾರು ಎಂದು ಅಂಜಿ ನಡೆದವರು. ಒಪ್ಪಿಗೆ ಕೊಟ್ಟ ದಿನವೂ ಗೋಡೆಗೆ ಮುಖ ಮಾಡಿ ಕೊಟ್ಟವರು. ಅಂದು ಎಲ್ಲರ ನಡುವೆ ಹೋಗಿ, ಅಳಿಯನ ರಟ್ಟೆ ಹಿಡಿದು ಎಳೆದುತಂದು, ಸಿದಿಗೆಯ ಮುಂಭಾಗದಲ್ಲಿ ತಮ್ಮ ಸರಿಸಮಕ್ಕೆ ನಿಲ್ಲಿಸಿದರು. ನೆರೆದವರತ್ತ ತಿರುಗಿದರು. ಅಷ್ಟು ದೊಡ್ಡ ದನಿ ಅವರಿಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

“ಇಂವ ನಮ್ಮ ಮನಿ ಹುಡುಗ. ಮುಂದ ಇಂವ ಹಿಡಿತಾನ. ಸೇರದವರು ಹಿಂದ ಬರ್ರಿ.”

ಸಿದಿಗೆ ಎದ್ದಿತು. ಮೊದಲು ಅತ್ತೆಯ ತಮ್ಮ ಚಪ್ಪಲಿ ಅಲ್ಲೇ ಬಿಟ್ಟು ಹೆಜ್ಜೆ ಹಾಕಿದ. ಎಲ್ಲರೂ ಹಿಂದೆಯೇ ಹೋದರು.